ಕನ್ನಡಿಯ ಮೇಲಿನ ಒಂಬತ್ತೂವರೆ

"ಒಂದು ನಿಮಿಷ ಸುಮ್ಮನಿರ್ತೀರಾ? ಒಂದೇ ನಿಮಿಷ."

ಕತ್ತಲಲ್ಲಿ ಕಿವಿಯ ಹಿಂದೆಯೇ ಬಂದ ಗಂಡಸಿನ ದನಿಗೆ ಅವಳು ಬೆಚ್ಚಿದಳು. ತಿರುಗಿ ನೋಡಿದರೆ, ಹಿಂದಿನ ಸಾಲಿನ ಎರಡು ಕುರ್ಚಿಗಳ ಸಂದಿಯಲ್ಲಿ ಒಬ್ಬ ಮಂಡಿಯೂರಿ ಕೂತಿದ್ದಾನೆ. ಕೈಯಲ್ಲಿ ಸ್ಕ್ರೂಡ್ರೈವರ್. ಕಣ್ಣು ಮುಚ್ಚಿದೆ. ತಲೆಯನ್ನು ಎಡಕ್ಕೆ ವಾಲಿಸಿಕೊಂಡು ಏನನ್ನೋ ಆಲಿಸುತ್ತಿದ್ದಾನೆ.

ಅವಳು ತುಟಿ ಬಿಗಿಹಿಡಿದಳು. 

ನಿಮಿಷ ಕಳೆದ ಮೇಲೆ ಅವನು ಕಣ್ಣು ಬಿಟ್ಟ.

"ನಾನು ಇಲ್ಲಿ ಕೆಲಸಕ್ಕೆ ಸೇರಿದ ಮೂರು ಭಾನುವಾರದಿಂದ ಎಡಗಡೆ ಸ್ಪೀಕರು ಸರಸರ ಅಂತಿದೆ ಅಂತ ಜನ ಬೈತಿದಾರೆ. ಎರಡು ಸಲ ಬಿಚ್ಚಿ ಜೋಡಿಸಿದೆ. ನೀವಾ ಅದು?"

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಉತ್ತರ ಕೊಡುವ ಮೊದಲೇ ಪಕ್ಕದಲ್ಲಿ ಕೂತಿದ್ದ ಅಪ್ಪ ಅವಳ ಮೊಣಕೈ ತಟ್ಟಿದರು. "ಯಾಕೆ ನಿಲ್ಲಿಸಿದೆ ಪುಟ್ಟಾ? ಬಾಗಿಲು ತೆಗೆದನಾ ಅವನು?"

ಆಗ ಅವನು ಅಪ್ಪನನ್ನು ನೋಡಿದ. ಸಭಾಂಗಣದಲ್ಲಿ ಕೂತ ಅಷ್ಟೂ ಜನರ ಮುಖ ಪರದೆಯ ಕಡೆಗಿತ್ತು. ಈ ಒಬ್ಬ ಮುದುಕರ ಮುಖ ಮಾತ್ರ ಮಗಳ ಬಾಯಿಯ ಕಡೆಗೆ ತಿರುಗಿತ್ತು.

ಅವನು ಸ್ಕ್ರೂಡ್ರೈವರನ್ನು ಕಿಸೆಗೆ ಸೇರಿಸಿದ. ಎದ್ದು, ಬೆನ್ನು ಬಗ್ಗಿಸಿಕೊಂಡು ಹೊರಟುಹೋದ.

ವಿರಾಮದಲ್ಲಿ ಅವನು ಎದುರಿಗೆ ಬಂದಾಗ ಅವಳು ಜಗಳಕ್ಕೆ ಸಿದ್ಧವಾಗಿಯೇ ನಿಂತಿದ್ದಳು. ಟಿಕೇಟು ಕೊಂಡಿದ್ದೇವೆ, ಯಾರಪ್ಪನ ಮನೆಯಲ್ಲೂ ಕೂತಿಲ್ಲ ಎಂದು ಹೇಳಲು ಮಾತು ಜೋಡಿಸಿಕೊಂಡಿದ್ದಳು. ಅವನು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಕೊನೆಯ ಸಾಲಿನ ಮೂಲೆಯಲ್ಲಿ ಎರಡು ಸೀಟು ಇವೆ, ಅಲ್ಲಿ ಗೋಡೆಗೆ ದಪ್ಪ ಬಟ್ಟೆ ಹೊಡೆದಿದೆ, ಎಷ್ಟು ಪಿಸುಗುಟ್ಟಿದರೂ ದನಿ ಮುಂದಕ್ಕೆ ಹೋಗುವುದಿಲ್ಲ, ಮುಂದಿನ ವಾರದಿಂದ ಅವು ನಿಮ್ಮವೇ ಎಂದು ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ. ಸ್ಕ್ರೂಡ್ರೈವರನ್ನೇ ತಿರುಗಿಸುತ್ತಿದ್ದ.

ಜೋಡಿಸಿಟ್ಟ ಜಗಳವನ್ನೆಲ್ಲ ಹಾಗೇ ಹೊತ್ತು ಅವಳು ಅಪ್ಪನ ಪಕ್ಕಕ್ಕೆ ಹಿಂದಿರುಗಿದಳು.

ಅವನು ಆ ಚಿತ್ರಮಂದಿರದ ಸೌಂಡ್ ಮೆಕ್ಯಾನಿಕ್. ಹೊಸ ಸಿನಿಮಾ ಬಂದ ವಾರ ಸೀಟಿನಿಂದ ಸೀಟಿಗೆ ಹೋಗಿ ಕೂತು, ಎಲ್ಲಿ ದನಿ ಒಡೆಯುತ್ತದೆ, ಎಲ್ಲಿ ಮಂಕಾಗುತ್ತದೆ ಎಂದು ಕೇಳುವುದು ಅವನ ಕೆಲಸ. ಚಿತ್ರ ನೋಡುವುದಕ್ಕಿಂತ ಕಣ್ಣು ಮುಚ್ಚಿ ಕೂರುವುದೇ ಹೆಚ್ಚು.

ಅವಳದು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅಂಗಿಯ ಗುಂಡಿಗೆ ಕಾಜಾ ಹಾಕುವ ಕೆಲಸ. ದಿನಕ್ಕೆ ಇನ್ನೂರು ಅಂಗಿ, ಅಂಗಿಗೆ ಏಳು ಕಾಜಾ. ಸಂಜೆ ಮನೆಗೆ ಬಂದರೆ ಬೆರಳು ಮಡಚಲು ಬರುತ್ತಿರಲಿಲ್ಲ.

ಅಪ್ಪ ಒಂದು ಕಾಲದಲ್ಲಿ ಇದೇ ಚಿತ್ರಮಂದಿರಕ್ಕೆ ದೊಡ್ಡ ದೊಡ್ಡ ಬೋರ್ಡು ಬರೆಯುತ್ತಿದ್ದವರು. ಬೀದಿಯವರು ಈಗಲೂ ಅವರನ್ನು ಬೋರ್ಡಿನ ಯಜಮಾನರು ಎಂದೇ ಕರೆಯುತ್ತಿದ್ದರು. ಮನೆಯೆತ್ತರದ ನಾಯಕಿಯ ಕೆನ್ನೆಗೆ ಎಷ್ಟು ಗುಲಾಬಿ, ಖಳನ ಹುಬ್ಬಿಗೆ ಎಷ್ಟು ಕಪ್ಪು ಎಂಬುದು ಅವರ ಕೈಗೆ ಗೊತ್ತಿತ್ತು. ಆಮೇಲೆ ಬೋರ್ಡು ಬರೆಸುವವರು ಇಲ್ಲವಾದರು. ಆಮೇಲೆ ಕಣ್ಣೂ ಹೋಯಿತು. ಕಣ್ಣು ಪೂರ್ತಿ ಹೋಗುವುದಕ್ಕೆ ನಾಲ್ಕು ತಿಂಗಳ ಮೊದಲು ಅಮ್ಮ ಹೋದಳು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದು ಹೋದಳು.

ಅಮ್ಮ ಹೋದಾಗ ಅಪ್ಪ ಅಳಲಿಲ್ಲ. ಮಗಳು ಗಟ್ಟಿಯಾಗಿದ್ದಾಳೆ, ನಾನು ಅತ್ತರೆ ಅವಳು ಕುಸಿಯುತ್ತಾಳೆ ಎಂದುಕೊಂಡರು. ಮಗಳೂ ಅಳಲಿಲ್ಲ. ಅಪ್ಪ ಗಟ್ಟಿಯಾಗಿದ್ದಾರೆ, ನಾನು ಅತ್ತರೆ ಅವರು ಕುಸಿಯುತ್ತಾರೆ ಎಂದುಕೊಂಡಳು. ಹೀಗೆ ಒಬ್ಬರಿಗೊಬ್ಬರು ಕಾವಲು ಕೂತು ಆ ಮನೆಯಲ್ಲಿ ಯಾರೂ ಅಳಲೇ ಇಲ್ಲ.

ಆರು ತಿಂಗಳಾದ ಮೇಲೆ ಅಪ್ಪನೇ ಸಿನಿಮಾಕ್ಕೆ ಹೋಗೋಣ ಅಂದರು. ಪಕ್ಕದಲ್ಲಿ ಕೂತು ಕಂಡದ್ದನ್ನು ಹೇಳು, ಮಿಕ್ಕಿದ್ದು ನಾನು ಬರೆದುಕೊಳ್ಳುತ್ತೇನೆ ಅಂದರು. ಹಾಗೆ ಶುರುವಾಯಿತು ಭಾನುವಾರದ ಮಧ್ಯಾಹ್ನದ ಆಟ.

ಆಟ ಬಿಟ್ಟ ಮೇಲೆ ಇಬ್ಬರೂ ಬೀದಿಯ ಕೊನೆಯ ಕ್ಷೌರದ ಅಂಗಡಿಗೆ ಹೋಗುತ್ತಿದ್ದರು. ಅಪ್ಪ ಬೆಂಚಿನ ಮೇಲೆ ಕೂತು ಹತ್ತಕ್ಕೆ ಇಷ್ಟು ಎಂದು ಅಂಕ ಹೇಳುತ್ತಿದ್ದರು. ಕ್ಷೌರಿಕ ಸೋಪಿನ ತುಂಡು ತೆಗೆದುಕೊಂಡು ಅದನ್ನು ದೊಡ್ಡ ಕನ್ನಡಿಯ ಮೇಲಿನ ಮೂಲೆಯಲ್ಲಿ ಬರೆಯುತ್ತಿದ್ದ. ಮುಂದಿನ ಭಾನುವಾರದವರೆಗೆ ಅದು ಅಲ್ಲೇ ಇರುತ್ತಿತ್ತು. ಎಲ್ಲರ ಕಿಸೆಯಲ್ಲೂ ಫೋನು, ಫೋನಿನಲ್ಲಿ ನೂರು ಜನ ಕೊಟ್ಟ ನಕ್ಷತ್ರ ಇದ್ದರೂ, ಆ ಬೀದಿಯವರು ಟಿಕೇಟು ಕೊಳ್ಳುವ ಮೊದಲು ಒಮ್ಮೆ ಕನ್ನಡಿಯತ್ತ ಇಣುಕಿ ಹೋಗುತ್ತಿದ್ದರು. ಕಣ್ಣಿಲ್ಲದವರು ಕೊಟ್ಟ ಅಂಕ ಎಂದು ಯಾರೂ ನಗುತ್ತಿರಲಿಲ್ಲ. ಬೋರ್ಡಿನ ಯಜಮಾನರು ಅಂದರೆ ಆ ಮರ್ಯಾದೆ ಇತ್ತು.

ಅವರ ಅಂಕಗಳಿಗೆ ಅವರದೇ ಲೆಕ್ಕ. ಪೊಲೀಸಿನವನ ಸಿನಿಮಾಕ್ಕೆ ನಾಲ್ಕು ಕೊಟ್ಟರು. ಅಷ್ಟು ಜನರನ್ನು ಹೊಡೆದವನು ಒಂದು ಸಲವೂ ಏದುಸಿರು ಬಿಡಲಿಲ್ಲ, ಅವನು ಮನುಷ್ಯನಲ್ಲ ಅಂದರು. ಇಬ್ಬರು ಅಣ್ಣತಮ್ಮಂದಿರ ಸಿನಿಮಾಕ್ಕೆ ಏಳು; ಜಗಳ ಚೆನ್ನಾಗಿದೆ, ರಾಜಿ ಅವಸರದ್ದು. ದೆವ್ವದ ಸಿನಿಮಾಕ್ಕೆ ಎರಡು. ದೆವ್ವಕ್ಕೇ ಮೊದಲು ನಿದ್ದೆ ಬರುತ್ತದೆ.

ಅಂಗಡಿಯಲ್ಲಿ ಉಳಿದವರಿಗೂ ಒಂದೊಂದು ತೀರ್ಪು ಇತ್ತು. ಕ್ಷೌರಿಕ ನಾಯಕನ ಕೂದಲು ನೋಡಿಯೇ ಅಂಕ ಹಾಕುತ್ತಿದ್ದ. ಇಂಥ ತಲೆ ನನ್ನ ಕೈಗೆ ಸಿಕ್ಕರೆ ಕತ್ತರಿಯನ್ನೇ ಎಸೆದುಬಿಡುತ್ತೇನೆ ಅನ್ನುತ್ತಿದ್ದ. ಪಕ್ಕದ ಮನೆಯ ಚಿಕ್ಕಮ್ಮ ಎಲ್ಲ ಸಿನಿಮಾಕ್ಕೂ ಹತ್ತಕ್ಕೆ ಹತ್ತು ಕೊಡುತ್ತಿದ್ದಳು. ಅಷ್ಟು ಒಳ್ಳೆಯ ನಿದ್ದೆ ಅವಳಿಗೆ ಮನೆಯಲ್ಲಿ ಬರುತ್ತಿರಲಿಲ್ಲ.

ಮೆಕ್ಯಾನಿಕ್ ಈ ಬೆಂಚಿಗೆ ಬಂದು ಸೇರಿಕೊಂಡದ್ದು ಮೂಲೆಯ ಸೀಟು ಕೊಟ್ಟ ಎರಡನೆಯ ವಾರ. ಅವನು ದನಿಗೆ ಮಾತ್ರ ಅಂಕ ಕೊಡುತ್ತಿದ್ದ. ಮಳೆಯ ದನಿ ಹೇಗಿತ್ತು ಅಂದರೆ ಯಾರೋ ಬಾಣಲೆಯಲ್ಲಿ ಏನೋ ಹುರಿದ ಹಾಗಿತ್ತು ಅನ್ನುತ್ತಿದ್ದ. ಅಪ್ಪ ಎಷ್ಟು ಕೊಟ್ಟರೂ ಅವನು ಅದರಲ್ಲಿ ಅರ್ಧ ಕಳೆಯುತ್ತಿದ್ದ. ಅಪ್ಪ ಅವನಿಗೆ ಅರ್ಧಮಾರ್ಕು ಎಂದೇ ಹೆಸರಿಟ್ಟರು.

"ಲೋ ಅರ್ಧಮಾರ್ಕು, ಆ ಅರ್ಧಾನ ಮನೇಲಿ ಕೂಡಿಡ್ತೀಯೇನೋ?" ಎಂದು ಅಪ್ಪ ಕೇಳಿದಾಗ ಅಂಗಡಿಗೆ ಅಂಗಡಿಯೇ ನಕ್ಕಿತು. ಅವಳೂ ನಕ್ಕಳು. ನಕ್ಕ ಮೇಲೆ ಅವಳಿಗೇ ಆಶ್ಚರ್ಯವಾಯಿತು... ತನ್ನ ನಗು ಕೇಳಿ ಎಷ್ಟು ದಿನವಾಗಿತ್ತು!

ಆಮೇಲೆ ಅವನು ಮೂಲೆಯ ಮೂರನೆಯ ಸೀಟಿನಲ್ಲಿ ಕೂರತೊಡಗಿದ. ಅಪ್ಪ ನಡುವೆ, ಅವರಿಬ್ಬರು ಆಚೆ ಈಚೆ. ಅವಳು ಅಪ್ಪನ ಕಿವಿಗೆ ಹೇಳುವ ಮಾತನ್ನು ಅವನೂ ಕೇಳುತ್ತಿದ್ದ. ಪರದೆಯ ಮೇಲಿನ ನಾಯಕಿ ನೀಲಿ ಸೀರೆ ಉಟ್ಟಿದ್ದರೆ ಅವಳು ನೀಲಿ ಅನ್ನುತ್ತಿರಲಿಲ್ಲ. ಅಪ್ಪಾ, ನೀವು ಆಕಾಶಕ್ಕೆ ಮೊದಲ ಸಲ ಬಳಿಯುತ್ತಿದ್ದಿರಲ್ಲ, ಆ ಬಣ್ಣ ಅನ್ನುತ್ತಿದ್ದಳು. ಅದನ್ನು ಕೇಳುತ್ತ ಕೇಳುತ್ತ ಅವನು ಸಿನಿಮಾ ನೋಡುವುದನ್ನೇ ಬಿಟ್ಟ.

ಕಾರ್ಖಾನೆಯಲ್ಲಿ ಅವಳ ಸೂಜಿ ದಾರಿ ತಪ್ಪತೊಡಗಿತು. ಇವತ್ತು ಮಂಗಳವಾರ... ಇನ್ನೂ ಐದು ದಿನ... ಎಂದು ಎಣಿಸಿಕೊಳ್ಳುತ್ತಿದ್ದ ತನ್ನನ್ನು ತಾನೇ ಗದರಿಕೊಂಡಳು. ಏನು ಎಣಿಸುತ್ತಿದ್ದೀಯೇ? ಸಿನಿಮಾನೋ, ಅವನನ್ನೋ?

ಅವನಿಗೆ ಅವಳ ಗುಟ್ಟು ಗೊತ್ತಾದದ್ದು ಪರಿಚಯವಾದ ಐದನೆಯ ತಿಂಗಳಲ್ಲಿ.

ಅದು ಗಂಡ ಹೆಂಡತಿಯ ಸಿನಿಮಾ. ಕೊನೆಗೆ ಹೆಂಡತಿ ಹಾಸಿಗೆಯಲ್ಲಿ ಕಣ್ಣು ಮುಚ್ಚುತ್ತಾಳೆ. ಮಾತಿಲ್ಲ, ಬರೀ ಪಿಟೀಲು. ಸಭಾಂಗಣದ ತುಂಬ ಮೂಗು ಎಳೆಯುವ ಸದ್ದು. ಅವಳು ಅಪ್ಪನ ಕಿವಿಗೆ ಹೇಳುತ್ತಿದ್ದಳು: "ಕಿಟಕಿ ತೆಗೆದರು ಅಪ್ಪಾ. ಬಿಸಿಲು ಬಂತು. ಅವಳು ಕಣ್ಣು ಬಿಟ್ಟಳು... ಗಂಡನನ್ನು ನೋಡಿ ನಕ್ಕಳು. ಜನ ಸಂತೋಷಕ್ಕೆ ಅಳ್ತಿದಾರೆ."

ಅಪ್ಪ ಆ ದಿನ ಎಂಟು ಕೊಟ್ಟರು.

ಮಾರನೆಯ ಮಧ್ಯಾಹ್ನ ಅವನು ಕಾರ್ಖಾನೆಯ ಗೇಟಿನ ಹತ್ತಿರ ಕಾಯುತ್ತಿದ್ದ. ಊಟದ ಬಿಡುವಿನಲ್ಲಿ ಅವಳು ಹೊರಗೆ ಬಂದಳು.

"ಬದುಕಿದವರಿಗೆ ಆ ಪಿಟೀಲು ನುಡಿಸಲ್ಲ," ಅಂದ ಅವನು. "ಯಾಕೆ ಹಾಗೆ ಹೇಳಿದ್ರಿ?"

ಅವಳು ಗೋಡೆಗೆ ಒರಗಿ ನಿಂತು ಎಲ್ಲವನ್ನೂ ಹೇಳಿದಳು. ಮೊದಲ ಸಲ ಹೋದ ಸಿನಿಮಾದಲ್ಲೂ ಒಬ್ಬಳು ಆಸ್ಪತ್ರೆಯಲ್ಲಿ ಸತ್ತಳು, ಅಪ್ಪನ ಕಿವಿಯ ಹತ್ತಿರ ಬಾಯಿ ಇಟ್ಟಾಗ ಆ ಮಾತು ಹೊರಡಲೇ ಇಲ್ಲ, ಬದುಕಿದಳು ಎಂದು ಬಾಯಿಗೆ ಬಂತು ಎಂದಳು. ಅವತ್ತಿನಿಂದ ಮಾತಿಲ್ಲದೆ ಸತ್ತವರನ್ನೆಲ್ಲ ಬದುಕಿಸಿದ್ದೇನೆ, ದೂರವಾದವರನ್ನೆಲ್ಲ ಸೇರಿಸಿದ್ದೇನೆ ಎಂದಳು. ಅಪ್ಪನ ಅಂಕಕ್ಕೆ ಇದು ಮೋಸವಲ್ಲವೇ, ಅವರು ಬರೆದ ಬೋರ್ಡಿನ ಮೇಲೆ ಬೇರೆಯವರು ಬಣ್ಣ ಬಳಿದ ಹಾಗಲ್ಲವೇ ಎಂದು ಅವನು ಕೇಳಿದ. ಅವಳ ಮುಖ ಸುಟ್ಟ ಹಾಗಾಯಿತು.

"ನಮ್ಮ ಮನೆ ಹೇಗಿತ್ತು ಅಂತ ನಿಮಗೆ ಗೊತ್ತಿಲ್ಲ. ಅಪ್ಪನಿಗೆ ಹೇಳಲ್ಲ ಅಂತ ಮಾತು ಕೊಡಿ."

ಅವನು ಗೇಟಿನ ಕಂಬಿಯನ್ನು ಉಗುರಿನಿಂದ ಕೆರೆದ. ಆಮೇಲೆ, "ನನ್ನ ಬಾಯಿಂದ ಬರಲ್ಲ," ಅಂದ.

ಹೋಗುವ ಮುನ್ನ, ಮುಂದಿನ ತಿಂಗಳು ಅಪ್ಪನ ಹತ್ತಿರ ಬೇರೆ ಒಂದು ವಿಷಯ ಮಾತಾಡಬೇಕೆಂದಿದ್ದೇನೆ, ನಿಮ್ಮ ಒಪ್ಪಿಗೆ ಇದ್ದರೆ ಎಂದ. ಯಾವ ವಿಷಯ ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ಅವತ್ತು ಮಧ್ಯಾಹ್ನದ ಮೇಲೆ ಹಾಕಿದ ಕಾಜಾಗಳಲ್ಲಿ ಹನ್ನೆರಡನ್ನು ಬಿಚ್ಚಿ ಮತ್ತೆ ಹಾಕಬೇಕಾಯಿತು.

ಆ ಮುಂದಿನ ತಿಂಗಳು ಬರಲಿಲ್ಲ.

ಅದಕ್ಕೆ ಮೊದಲು ದೋಣಿಯವನ ಸಿನಿಮಾ ಬಂತು. ನದಿ ದಾಟಿಸುವ ಒಬ್ಬ ಅಪ್ಪ, ಅವನಿಗೆ ಒಬ್ಬಳೇ ಮಗಳು. ನೆರೆ ಬಂದಾಗ ಯಾರನ್ನೋ ಉಳಿಸಲು ಮಗಳು ನೀರಿಗೆ ಇಳಿಯುತ್ತಾಳೆ. ಕೊನೆಯ ಹತ್ತು ನಿಮಿಷ ಒಂದೂ ಮಾತಿಲ್ಲ. ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ದೋಣಿ ದಡಕ್ಕೆ ಬರುತ್ತದೆ. ಅದರಲ್ಲಿ ಕಂಬಳಿ ಹೊದಿಸಿದ ಹೆಣ ಇರುತ್ತದೆ.

ಅವಳು ಅಪ್ಪನಿಗೆ ಹೇಳಿದ್ದು ಹೀಗೆ: ಮಗಳು ದೋಣಿಯಲ್ಲಿ ನೆನೆದುಕೊಂಡು ನಿಂತಿದ್ದಾಳೆ, ಅಪ್ಪ ಓಡಿಬಂದು ತನ್ನ ಕಂಬಳಿ ಅವಳಿಗೆ ಸುತ್ತುತ್ತಾನೆ, ಇಬ್ಬರೂ ಮಾತಾಡುವುದಿಲ್ಲ.

ಆಚೆ ಕೂತಿದ್ದ ಅವನು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. 

ಅಪ್ಪ ಒಂಬತ್ತೂವರೆ ಕೊಟ್ಟರು. ಅಷ್ಟು ಅಂಕವನ್ನು ಅವರು ಯಾವತ್ತೂ ಕೊಟ್ಟಿರಲಿಲ್ಲ. ಕ್ಷೌರಿಕ ಅದನ್ನು ಕನ್ನಡಿಯ ಮೇಲೆ ದೊಡ್ಡದಾಗಿ ಬರೆದ. ಅವತ್ತು ಅರ್ಧಮಾರ್ಕು ಅರ್ಧ ಕಳೆಯಲಿಲ್ಲ. ಕೆಲಸ ಇದೆ ಎಂದು ಬೇಗ ಎದ್ದುಹೋದ.

ಅಪ್ಪನಿಗೆ ಒಂದು ಕಟ್ಟುನಿಟ್ಟು ಇತ್ತು. ಅಂಕ ಹೇಳುತ್ತಿದ್ದರು, ಬಣ್ಣ ಹೇಳುತ್ತಿದ್ದರು, ಕೊನೆಯನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ನೋಡದವರಿಗೆ ಕೊನೆ ಹೇಳುವುದು ಪಾಪ ಅನ್ನುತ್ತಿದ್ದರು. ಅದಕ್ಕೇ ಮೂರು ವರ್ಷ ಅವಳ ಗುಟ್ಟು ಬಯಲಾಗಿರಲಿಲ್ಲ. ಆದರೆ ಈ ಸಿನಿಮಾ ಅವರನ್ನು ಬಿಡಲಿಲ್ಲ. ಬುಧವಾರ ಮಗಳು ಕೆಲಸಕ್ಕೆ ಹೋದ ಮೇಲೆ ಕೋಲು ಹಿಡಿದು ತಾವೇ ಅಂಗಡಿಗೆ ಹೋದರು. ಅಲ್ಲಿ ಇದ್ದವರೆಲ್ಲ ಸಿನಿಮಾ ನೋಡಿದವರೇ ಎಂದು ಕೇಳಿ ಖಚಿತ ಮಾಡಿಕೊಂಡು, ಆ ಕೊನೆ ಇದೆಯಲ್ಲಾ ಎಂದು ಶುರುಮಾಡಿದರು. ಮಗಳು ದಡಕ್ಕೆ ಇಳಿದಾಗ ಆ ಅಪ್ಪ ಒಂದು ಮಾತೂ ಆಡಲಿಲ್ಲ ನೋಡಿ, ಬೇರೆ ಯಾರಾದರೂ ತೆಗೆದಿದ್ದರೆ ಅಲ್ಲಿ ಅವನ ಕೈಲಿ ಭಾಷಣ ಮಾಡಿಸುತ್ತಿದ್ದರು ಎಂದರು.

ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಒಬ್ಬ ಹೊಸಬ ಪಕ್ಕನೆ ನಕ್ಕ.

"ಅಜ್ಜಾ, ಆ ಹುಡುಗಿ ಸತ್ತುಹೋದಳು. ನೀವು ಯಾವ ಸಿನಿಮಾಕ್ಕೆ ಹೋಗಿದ್ರಿ?"

ಇನ್ನಿಬ್ಬರೂ ನಕ್ಕರು. ಕ್ಷೌರಿಕ ಕತ್ತರಿಯ ಸದ್ದು ಜೋರು ಮಾಡಿದ. ಏನೋ ಬೇರೆ ಮಾತು ತೆಗೆದ. ಆದರೆ ಅಪ್ಪ ಕೇಳಿಬಿಟ್ಟಿದ್ದರು.

ಮೆಕ್ಯಾನಿಕ್ ಆಗ ಅಂಗಡಿಯ ಬಾಗಿಲಲ್ಲೇ ನಿಂತಿದ್ದ.

ಸಂಜೆ ಅವಳು ಮನೆಗೆ ಬಂದಾಗ ಅಪ್ಪ ಅಂಗಳದ ಕಟ್ಟೆಯ ಮೇಲೆ ಕೂತಿದ್ದರು. ಚಪ್ಪಲಿಯನ್ನೂ ಬಿಚ್ಚಿರಲಿಲ್ಲ.

"ಪುಟ್ಟಾ, ಆ ಮಗಳು ದೋಣಿಯಿಂದ ಇಳಿದಳಾ?"

ಆಗಲಾದರೂ ಹೇಳಬಹುದಿತ್ತು. ನಾಲಿಗೆ ಹಳೆಯ ಜಾಡಿಗೇ ಬಿತ್ತು.

"ಇಳಿದಳು ಅಪ್ಪಾ."

ಅಪ್ಪ ತಲೆಯಾಡಿಸಿದರು. ಬಹಳ ನಿಧಾನಕ್ಕೆ ಆಡಿಸಿದರು. "ಅರ್ಧಮಾರ್ಕನ್ನ ಕೇಳಿದೆ ಇವತ್ತು," ಎಂದಷ್ಟೇ ಹೇಳಿ ಗೋಡೆ ತಡವಿಕೊಂಡು ಒಳಗೆ ಹೋದರು.

ಅವಳು ನಿಂತಲ್ಲೇ ನಿಂತಳು.  ಹೇಳಿಬಿಟ್ಟನಾ? ಮಾತು ಕೊಟ್ಟವನು... ನನ್ನ ಅಪ್ಪನಿಗೆ... ಅಷ್ಟು ಜನರ ಎದುರಿಗೆ?

ಮಾರನೆಯ ದಿನ ಬಿಡುವಿನಲ್ಲಿ ಅವಳು ಚಿತ್ರಮಂದಿರದ ಹಿಂದಿನ ಮೆಟ್ಟಿಲಿಗೆ ಹೋದಳು. ಅವನು ಅಲ್ಲಿ ತಂತಿಯ ಸುರುಳಿ ಬಿಚ್ಚುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನಿನ್ನೆ ಅಂಗಡಿಯಲ್ಲಿ ಇದ್ರಾ?"

"ಇದ್ದೆ."

"ಅಪ್ಪ ನಿಮ್ಮನ್ನ ಕೇಳಿದ್ರಾ?"

"ಕೇಳಿದ್ರು."

ಕೇಳಿದಾಗ ಏನು ಹೇಳಿದಿರಿ ಎಂಬ ಮಾತನ್ನು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ತಪ್ಪು ತನ್ನದೇ ಎಂದು ಅವನಿಗೆ ಅನ್ನಿಸಿತ್ತು. ತಲೆ ತಗ್ಗಿಸಿ ನಿಂತಿದ್ದ. ಆ ತಗ್ಗಿದ ತಲೆಯನ್ನು ನೋಡಿ ಅವಳು ತನಗೆ ಬೇಕಾದ ಅರ್ಥ ಮಾಡಿಕೊಂಡಳು.

"ಇನ್ನು ನಮ್ಮ ಮನೆ ಕಡೆ ಬರಬೇಡಿ. ಅಪ್ಪನ ಕಡೆಗೂ ಬೇಡ, ನನ್ನ ಕಡೆಗೂ ಬೇಡ."

ಅಷ್ಟು ಹೇಳಿ ಕಾರ್ಖಾನೆಗೆ ಹೋಗಿ ಸಂಜೆಯವರೆಗೆ ಕಾಜಾ ಹಾಕಿದಳು. ಒಂದೂ ತಪ್ಪಲಿಲ್ಲ. ಮನಸ್ಸು ಸತ್ತಾಗ ಕೈ ಎಷ್ಟು ನೇರವಾಗಿ ಓಡುತ್ತದೆ ಎಂದು ಅವಳಿಗೆ ಅವತ್ತು ತಿಳಿಯಿತು.

ಭಾನುವಾರ ಬಂತು. ಅಪ್ಪ ಕಾಲು ನೋವು ಅಂದರು. ಮುಂದಿನ ಭಾನುವಾರ ಸೆಖೆ ಅಂದರು. ಮೂರನೆಯ ಭಾನುವಾರ ಅವಳು ಕೇಳುವುದನ್ನೇ ಬಿಟ್ಟಳು. ಒಂಬತ್ತೂವರೆಯನ್ನು ಅಳಿಸಲು ಕ್ಷೌರಿಕನಿಗೆ ಮನಸ್ಸು ಬರಲಿಲ್ಲ. ಜನ ಉಸಿರು ಬಿಟ್ಟು, ಹಬೆ ಹತ್ತಿ, ಅದು ತಾನೇ ಮಸುಕಾಗಿ ಹೋಯಿತು.

ಮೂಲೆಯ ಸೀಟುಗಳು ಭಾನುವಾರ ಭಾನುವಾರ ಖಾಲಿ ಇರುತ್ತಿದ್ದವು. ಎಡಗಡೆಯ ಸ್ಪೀಕರು ಈಗ ಸರಸರ ಅನ್ನುತ್ತಿರಲಿಲ್ಲ. ಮೆಕ್ಯಾನಿಕ್ ಎರಡು ತಿಂಗಳು ಆ ಸೊಗಸಾದ ದನಿಯನ್ನು ಕೇಳಿದ. ಆಮೇಲೆ ಅದನ್ನು ತಡೆಯಲಾಗದೆ ನದಿಯಾಚೆಯ ಊರಿನ ಚಿತ್ರಮಂದಿರಕ್ಕೆ ಕೆಲಸಕ್ಕೆ ಹೊರಟುಹೋದ. ಹೋಗುವ ದಿನ ಅವರ ಬೀದಿಯ ತಿರುವಿನವರೆಗೆ ಬಂದು, ಮನೆಯ ಬಾಗಿಲು ನೋಡಿ, ಹಿಂದಿರುಗಿದ. ಇದನ್ನು ಪಕ್ಕದ ಮನೆಯ ಚಿಕ್ಕಮ್ಮ ನೋಡಿದಳು. ಅವಳು ಸಿನಿಮಾದಲ್ಲಿ ಮಾತ್ರ ನಿದ್ದೆ ಮಾಡುವವಳು. ಬೀದಿಯಲ್ಲಿ ನಡೆಯುವುದೊಂದನ್ನೂ ಬಿಡುವವಳಲ್ಲ. ಆದರೆ ಹೇಳಿದಾಗ ಹುಡುಗಿಯ ಮುಖ ಬಾಡಿದ ರೀತಿ ನೋಡಿ, ಅವಳೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಆ ಬುಧವಾರ ಕಳೆದು ಒಂದು ವರ್ಷವಾಯಿತು. ಮೇಲೆ ಎರಡು ತಿಂಗಳು.

ಮನೆಯಲ್ಲಿ ಮಾತು ಕಡಿಮೆಯಾಯಿತು. ಊಟ ಆಯ್ತಾ, ಆಯ್ತು. ಔಷಧಿ ತಗೊಂಡ್ರಾ, ತಗೊಂಡೆ. ರೇಡಿಯೋದಲ್ಲಿ ಸಿನಿಮಾದ ಮಾತು ಬಂದರೆ ಅಪ್ಪ ಅದನ್ನು ಆರಿಸುತ್ತಿದ್ದರು.

ಒಂದು ರಜೆಯ ದಿನ ಬೆಳಿಗ್ಗೆ ಕ್ಷೌರಿಕ ಮನೆಗೇ ಬಂದು ಅಪ್ಪನ ಗಡ್ಡ ಹೆರೆದು ಹೋಗಿದ್ದ. ಅವಳು ಅಪ್ಪನ ಕೆನ್ನೆ ಒರೆಸುತ್ತಿದ್ದಳು. ಅಪ್ಪ ಇದ್ದಕ್ಕಿದ್ದಂತೆ ಕೇಳಿದರು.

"ಅರ್ಧಮಾರ್ಕು ನಿನ್ನನ್ನ ಯಾಕೆ ಬಿಟ್ಟುಹೋದ ಪುಟ್ಟಾ?"

ಟವೆಲು ಅವಳ ಕೈಯಲ್ಲೇ ನಿಂತಿತು.

"ಕೇಳಬಾರದು ಅಂತಿದ್ದೆ. ಬೆಳೆದ ಮಗಳನ್ನ ಇಂಥದ್ದು ಕೇಳೋಕೆ ನಿಮ್ಮಮ್ಮ ಇರಬೇಕಿತ್ತು. ನನಗೆ ಬರಲ್ಲ. ಆದ್ರೆ ನಿನ್ನ ಹೆಜ್ಜೆ ಸದ್ದು ಕೇಳಿ ಕೇಳಿ ಸಾಕಾಗಿದೆ. ವಯಸ್ಸಾದವಳ ಹಾಗೆ ನಡೀತೀಯ."

"ಅವರು ಬಿಟ್ಟುಹೋಗಲಿಲ್ಲ. ನಾನೇ ಕಳಿಸಿದೆ. ಅವತ್ತು ಅಂಗಡಿಯಲ್ಲಿ ನಿಮಗೆ ಎಲ್ಲಾ ಹೇಳಿದ್ರಲ್ಲ..."

"ಏನು ಹೇಳಿದ?"

"ಆ ಹುಡುಗಿ ಸತ್ತಳು ಅಂತ."

ಅಪ್ಪನ ಮುಖ ಅವಳ ಕಡೆಗೆ ತಿರುಗಿತು.

"ಅವನೆಲ್ಲಿ ಹೇಳಿದ? ಅಷ್ಟು ಜನ ನಗ್ತಿದ್ರು. ನಾನು ಅವನ ಕಡೆ ತಿರುಗಿ, ನೀನು ಹೇಳಪ್ಪಾ, ಇಳಿದಳು ತಾನೆ ಅಂತ ಕೇಳಿದೆ. ಎರಡು ಸಲ ಕೇಳಿದೆ. ಬಾಯೇ ಬಿಡಲಿಲ್ಲ ಅವನು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡ. ಆ ಕೈ ನಡುಗ್ತಿತ್ತು. ಆವಾಗ ನನಗೆ ಗೊತ್ತಾಯ್ತು."

ಅವಳು ನೆಲದ ಮೇಲೆ ಕೂತುಬಿಟ್ಟಳು.

ಒಂದು ಪ್ರಶ್ನೆ... ಒಂದೇ ಒಂದು ಪ್ರಶ್ನೆ ಕೇಳಿದ್ದರೆ!

"ನನಗೆ ನಿನ್ನ ಮೇಲೆ ಕೋಪ ಇರಲಿಲ್ಲ ಅಂತಲ್ಲ," ಅಂದರು ಅಪ್ಪ. "ಇತ್ತು. ಆದ್ರೆ ಸುಳ್ಳು ಹೇಳಿದೆ ಅಂತಲ್ಲ. ನಾನು ಸಿನಿಮಾಕ್ಕೆ ಯಾಕೆ ಹೋಗೋಣ ಅಂದೆ ಅಂತ ನಿನಗೆ ಗೊತ್ತಾ?"

"ನಿಮಗೆ ಇಷ್ಟ ಅಂತ."

"ಅಳೋಕೆ."

ಅವಳಿಗೆ ಅರ್ಥವಾಗಲಿಲ್ಲ.

"ನಿಮ್ಮಮ್ಮ ಹೋದಾಗ ಅಳಲಿಲ್ಲ ನಾನು. ಮನೇಲಿ ಅತ್ತರೆ ನಿನಗೆ ಕೇಳಿಸುತ್ತೆ. ಸಿನಿಮಾ ಮಂದಿರದಲ್ಲಿ ಕತ್ತಲು, ನಾನೂರು ಜನ ಅಳ್ತಿರ್ತಾರೆ, ಅದರಲ್ಲಿ ನಾನೂ ಒಬ್ಬ, ಯಾರು ಯಾಕೆ ಅಳ್ತಾರೆ ಅಂತ ಯಾರು ಕೇಳ್ತಾರೆ ಅಂದುಕೊಂಡೆ. ಯಾವತ್ತಾದರೂ ಒಬ್ಬಳು ಸಾಯ್ತಾಳೆ, ಅವತ್ತು ಅತ್ತುಬಿಡೋಣ ಅಂತ ಪ್ರತಿ ಭಾನುವಾರ ಕಾದೆ." ಅಪ್ಪ ಮಂಡಿ ಸವರಿಕೊಂಡರು. "ಮೂರು ವರ್ಷ ಯಾರೂ ಸಾಯಲೇ ಇಲ್ಲ ಪುಟ್ಟಾ."

ಅವಳು ಅಪ್ಪನ ಮಂಡಿಯ ಮೇಲೆ ಹಣೆ ಇಟ್ಟಳು. ಅಪ್ಪನ ಕೈ ಅವಳ ತಲೆಯನ್ನು ಹುಡುಕಿಕೊಂಡು ಬಂತು.  ಅಪ್ಪ ಅಳುತ್ತಿದ್ದರು. ದನಿ ತೆಗೆದು, ಅಮ್ಮನ ಹೆಸರು ಹಿಡಿದು ಅಳುತ್ತಿದ್ದರು. ನಾಲ್ಕೂವರೆ ವರ್ಷದಿಂದ ಆ ಮನೆಯಲ್ಲಿ ಯಾರೂ ಕೂಗದ ಹೆಸರು ಅದು.

ಅವಳ ಕಣ್ಣು ಮಾತ್ರ ಉರಿಯುತ್ತಿತ್ತು. ನೀರು ಬರಲಿಲ್ಲ. ಹಿಡಿದು ಹಿಡಿದು ಅದು ಎಲ್ಲಿ ಹೋಯಿತೋ ಅವಳಿಗೇ ಗೊತ್ತಿರಲಿಲ್ಲ.

ಸಮಾಧಾನವಾದ ಮೇಲೆ ಅಪ್ಪ ಮುಖ ತೊಳೆದುಕೊಂಡು, ಅವನು ಎಲ್ಲಿದ್ದಾನೆ ಎಂದು ಕ್ಷೌರಿಕನಿಗೆ ಗೊತ್ತಿರುತ್ತದೆ, ಊರಿನ ತಲೆಗಳೆಲ್ಲ ಅವನ ಕೈಯಲ್ಲೇ ಇರುವುದು ಅಂದರು. ನಾಳೆ ಹೋಗುತ್ತೇನೆ ಎಂದು ಅವಳು ಹೇಳಿದಾಗ, ನಾಳೆ ಯಾಕೆ, ಇವತ್ತೇ ರಜೆ ಅಲ್ಲವೇ ಅಂದರು.

ಬಸ್ಸಿನಲ್ಲಿ ಕೂತ ಒಂದೂವರೆ ತಾಸು ಅವಳಿಗೆ ಒಂದೇ ಭಯ. ಹದಿನಾಲ್ಕು ತಿಂಗಳು ಕಡಿಮೆಯಲ್ಲ. ಮದುವೆಯಾಗಿದ್ದರೆ? ಮುಖ ತಿರುಗಿಸಿದರೆ? ತಿರುಗಿಸಿದರೂ ಸರಿ, ಕ್ಷಮೆ ಕೇಳಿ ಬರುತ್ತೇನೆ. ಮಾತಾಡಿದವನನ್ನು ಬೇಕಾದರೆ ಮರೆಯಬಹುದು... ಮಾತಾಡದೆ ಶಿಕ್ಷೆ ಹೊತ್ತವನನ್ನು ಹೇಗೆ ಮರೆಯುವುದು?

ಆ ಚಿತ್ರಮಂದಿರದ ಮಧ್ಯಾಹ್ನದ ಆಟಕ್ಕೆ ಇನ್ನೂ ಹೊತ್ತಿತ್ತು. ಗೇಟಿನವನು ಒಳಗೆ ಬಿಟ್ಟ. ಅಷ್ಟು ದೊಡ್ಡ ಸಭಾಂಗಣದಲ್ಲಿ ಒಂದೇ ಒಂದು ದೀಪ. ನಡುವಿನ ಸಾಲಿನಲ್ಲಿ ಅವನು ಒಬ್ಬನೇ ಕೂತಿದ್ದ. ಕಣ್ಣು ಮುಚ್ಚಿತ್ತು. ಕೆನ್ನೆ ಒಳಗೆ ಹೋಗಿತ್ತು. ಕಿವಿಯ ಹತ್ತಿರ ನಾಲ್ಕು ನರೆಗೂದಲು ಬಂದಿದ್ದವು.

ಅವಳು ಅವನ ಸಾಲಿನ ಕೊನೆಯಲ್ಲಿ ನಿಂತಳು.

"ಅಪ್ಪ ಕೇಳಿದಾಗ ನೀವು ಏನೂ ಹೇಳಲಿಲ್ಲವಂತೆ."

ಅವನು ಕಣ್ಣು ಬಿಟ್ಟ. ಪಕ್ಕದ ಕುರ್ಚಿಯ ಮೇಲಿದ್ದ ತಂತಿಯ ಸುರುಳಿಯನ್ನು ಎತ್ತಿ ನೆಲಕ್ಕಿಟ್ಟ.

"ಹೌದು ಅಂದಿದ್ರೆ ಅಷ್ಟು ಜನ ಇನ್ನೂ ನಗ್ತಿದ್ರು," ಅಂದ. "ಇಲ್ಲ ಅಂದ್ರೆ ನಿಮಗೆ ಕೊಟ್ಟ ಮಾತು ಹೋಗ್ತಿತ್ತು. ಸುಮ್ಮನಿದ್ರೆ ಉಳಿಯುತ್ತೆ ಅಂದುಕೊಂಡೆ. ಏನೂ ಉಳೀಲಿಲ್ಲ."

"ಅದನ್ನ ನನಗೆ ಯಾಕೆ ಹೇಳಲಿಲ್ಲ?"

"ಯಜಮಾನರ ಮನಸ್ಸು ಮುರಿದದ್ದು ನನ್ನಿಂದಲೇ ಅನ್ನಿಸಿತ್ತು. ಅದರ ಮೇಲೆ ನನ್ನ ಪರವಾಗಿ ವಾದ ಮಾಡಲಾ?"

ಅವಳು ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂತಳು. ಇಬ್ಬರ ನಡುವೆ ಈ ಸಲ ಯಾರೂ ಇರಲಿಲ್ಲ.

"ತಪ್ಪು ನಂದು. ಕೇಳದೇ ತೀರ್ಪು ಕೊಟ್ಟೆ." ಬಸ್ಸಿನಲ್ಲಿ ಕಲಿತುಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು. "ನೀವಿಲ್ಲದೆ ನನಗೆ ಆಗ್ತಿಲ್ಲ. ಇದನ್ನ ಚೆನ್ನಾಗಿ ಹೇಳೋಕೆ ನನಗೆ ಬರಲ್ಲ. ಬೇರೆ ಯಾರಾದರೂ ನಿಮ್ಮ..."

"ಯಾರೂ ಇಲ್ಲ," ಅಂದ ಅವನು. "ಹೇಗೆ ಇರ್ತಾರೆ? ನಿಮ್ಮ ದನಿ ಕಿವೀಲಿ ಕೂತಿದೆ. ಬೇರೆ ಯಾರು ಮಾತಾಡಿದ್ರೂ ಎಲ್ಲೋ ತಂತಿ ಸಡಿಲ ಆಗಿದೆ ಅನ್ಸುತ್ತೆ."

ಅವಳು ನಗಬೇಕೆಂದುಕೊಂಡಳು. ನಗು ಬರಲಿಲ್ಲ. ಅದು ಬರಬೇಕಾದ ದಾರಿಯಲ್ಲಿ ಬೇರೇನೋ ಬಂತು. ಆಸ್ಪತ್ರೆಯ ಹನ್ನೊಂದನೆಯ ದಿನದಿಂದ ಒಳಗೆ ಕಟ್ಟಿಟ್ಟಿದ್ದು, ಹದಿನಾಲ್ಕು ತಿಂಗಳು ಅದರ ಮೇಲೆ ಪೇರಿಸಿದ್ದು ಎಲ್ಲ ಒಟ್ಟಿಗೆ ಬಂತು. ಅವಳು ಎದುರಿನ ಕುರ್ಚಿಗೆ ಹಣೆ ಒತ್ತಿ ಅಮ್ಮಾ ಎಂದು ಬಿಕ್ಕಿದಳು.

ಅಳಬೇಡಿ ಎಂದು ಅವನು ಹೇಳಲಿಲ್ಲ. ಅವಳ ಬೆರಳುಗಳನ್ನು, ಸೂಜಿ ಚುಚ್ಚಿ ಒರಟಾದ ಆ ಬೆರಳುಗಳನ್ನು, ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತ.

"ಆಟಕ್ಕೆ ಜನ ಬಂದುಬಿಡ್ತಾರೆ," ಅಂದಳು ಅವಳು ಬಿಕ್ಕುಗಳ ನಡುವೆ.

"ಇನ್ನೂ ಒಂದು ಗಂಟೆ ಇದೆ. ಅಳಿ."

"ಅಷ್ಟರಲ್ಲಿ ಮುಗೀದಿದ್ರೆ?"

"ಮಿಕ್ಕಿದ್ದನ್ನ ಮನೇಲಿ ಅಳಿ," ಅಂದ ಅವನು. "ನಾನೂ ಬರ್ತೀನಿ."